ತಾನೇ ಕಲಿತವನು ಯಾರಿಗೆ ಋಣಿ?

‘ಇವರು ಯಾರ ಬಳಿಯೂ ಕಲಿತವರಲ್ಲ, ತಾವಾಗಿಯೇ ಕಲಿತವರು.’ ಸನ್ಮಾನ ಸಮಾರಂಭಗಳಲ್ಲಿ ಕಲಾವಿದರೊಬ್ಬರನ್ನು ಪರಿಚಯಿಸುವಾಗ ಈ ಮಾತು ಕೇಳಿಬಂದರೆ ಸಭೆ ತಪ್ಪದೆ ಚಪ್ಪಾಳೆ ತಟ್ಟುತ್ತದೆ. ಆ ಚಪ್ಪಾಳೆಗೆ ಕಾರಣವಿದೆ. ನಮ್ಮ ಸಮಾಜದಲ್ಲಿ ವಿದ್ಯೆಯು ಬಹುಕಾಲ ಜಾತಿಯ, ಮನೆತನದ, ಹಣದ ಬೀಗದೊಳಗೆ ಇತ್ತು. ಬೀಗದ ಕೈ ಇಲ್ಲದೆಯೂ ಒಳಹೊಕ್ಕವನನ್ನು ಕಂಡರೆ ಜನರಿಗೆ ಸಂತೋಷವಾಗುವುದು ಸಹಜ. ಆದರೆ ಆ ಮಾತಿನೊಳಗೆ ಇನ್ನೊಂದು ಸೂಚನೆಯೂ ಅಡಗಿದೆ. ಯಾರ ಬಳಿಯೂ ಕಲಿಯದವನು ಯಾರಿಗೂ ಏನನ್ನೂ ಸಲ್ಲಿಸಬೇಕಾಗಿಲ್ಲ, ಅವನ ವಿದ್ಯೆ ಸಂಪೂರ್ಣವಾಗಿ ಅವನ ಸ್ವಂತ ಸ್ವತ್ತು ಎಂಬುದೇ ಆ ಸೂಚನೆ. ಇದು ನಿಜವೇ? ಗುರುವಿಲ್ಲದ ವಿದ್ಯೆಗೆ ಋಣವೂ ಇಲ್ಲವೇ?

ಈ ಪ್ರಶ್ನೆ ಹೊಸದಲ್ಲ. ಮಹಾಭಾರತದ ಏಕಲವ್ಯನ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಬೇಡರ ಹುಡುಗನನ್ನು ದ್ರೋಣರು ಶಿಷ್ಯನಾಗಿ ಸ್ವೀಕರಿಸಲಿಲ್ಲ. ಅವನು ಕಾಡಿಗೆ ಮರಳಿ, ಮಣ್ಣಿನ ಪ್ರತಿಮೆ ಮಾಡಿಟ್ಟುಕೊಂಡು, ಬಿಲ್ಲುವಿದ್ಯೆಯನ್ನು ತಾನೇ ಕಲಿತ. ಅರ್ಜುನನನ್ನು ಮೀರಿಸುವಷ್ಟು ಕಲಿತಾಗ ದ್ರೋಣರು ಬಂದು ಗುರುದಕ್ಷಿಣೆಯಾಗಿ ಬಲಗೈ ಹೆಬ್ಬೆರಳನ್ನು ಕೇಳಿದರು. ಈ ಕಥೆಯನ್ನು ಕೆಲವರು ಗುರುಭಕ್ತಿಯ ಆದರ್ಶವೆಂದು ಹೇಳುತ್ತಾರೆ. ಹಲವರು ಅನ್ಯಾಯದ ಉದಾಹರಣೆಯೆಂದು ಹೇಳುತ್ತಾರೆ. ಅನ್ಯಾಯವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಅನ್ಯಾಯ ಎಲ್ಲಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಏಕಲವ್ಯನಿಗೆ ಋಣವಿತ್ತು. ಬಿಲ್ಲನ್ನು ಮೊದಲು ಬಾಗಿಸಿದವರಿಗೆ, ಬಾಣಕ್ಕೆ ಗರಿ ಕಟ್ಟಿದವರಿಗೆ, ಕಾಡಿನಲ್ಲಿ ಬೇಟೆಯ ಜಾಡು ಹಿಡಿಯಲು ತೋರಿಸಿದ ತನ್ನ ಜನರಿಗೆ ಅವನು ಋಣಿಯೇ ಆಗಿದ್ದ. ಆದರೆ ಬಾಕಿ ವಸೂಲಿಗೆ ಬಂದದ್ದು ಸಾಲ ಕೊಡಲು ನಿರಾಕರಿಸಿದವರು! ಋಣ ನಿಜ, ಕೇಳಿದ ಕೈ ಮಾತ್ರ ತಪ್ಪು. ತಾನೇ ಕಲಿತವರ ವಿಷಯದಲ್ಲಿ ನಾವು ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕಾಗುತ್ತದೆ.

ಎಲೆಗಳೇ ಗುರುಗಳಾದಾಗ

ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಉಡುಪಿಯ ಕಡೆಯಿಂದ ಬಂದು, ಯಾವ ಕಲಾಶಾಲೆಯ ತರಬೇತಿಯೂ ಇಲ್ಲದೆ, ಮರೆಯಾಗುತ್ತಿದ್ದ ಮೈಸೂರು ಗಂಜೀಫಾ ಕಲೆಗೆ ಮರುಜೀವ ಕೊಟ್ಟವರೆಂದು ರಘುಪತಿ ಭಟ್ಟರ ಹೆಸರು ಪ್ರಸಿದ್ಧವಾಯಿತು. ಹಳೆಯ ಎಲೆಗಳನ್ನೂ ಹಳೆಯ ಗ್ರಂಥಗಳನ್ನೂ ಅಭ್ಯಾಸ ಮಾಡಿ ಅವರು ಆ ಕಲೆಯನ್ನು ತಮ್ಮ ಕೈಗೆ ತಂದುಕೊಂಡರು. ಶ್ರೀರಂಗಪಟ್ಟಣದಲ್ಲಿ ಗಂಜೀಫಾ ಸಂಗ್ರಹಾಲಯ ಮತ್ತು ಸಂಶೋಧನ ಕೇಂದ್ರವನ್ನು ಕಟ್ಟಿದರು. ಜನ ಅವರನ್ನು ‘ಗಂಜೀಫಾ ರಘುಪತಿ ಭಟ್’ ಎಂದೇ ಕರೆದರು. ಸಾಮಾನ್ಯವಾಗಿ ಹೆಸರಿನ ಹಿಂದೆ ಊರು ಬರುತ್ತದೆ, ಮನೆತನ ಬರುತ್ತದೆ, ತಂದೆಯ ಹೆಸರು ಬರುತ್ತದೆ. ಇಲ್ಲಿ ಒಂದು ಕಲೆಯೇ ಮನೆತನದ ಜಾಗದಲ್ಲಿ ಬಂದು ಕುಳಿತಿದೆ.

ಗಂಜೀಫಾ ಎಂದರೆ ಕೈಯಿಂದ ಚಿತ್ರ ಬರೆದ ಇಸ್ಪೀಟಿನ ಎಲೆಗಳು. ಇವು ಹೆಚ್ಚಾಗಿ ದುಂಡಗಿರುತ್ತವೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕ ಬಿಲ್ಲೆಯ ಮೇಲೆ ರಾಜ, ಮಂತ್ರಿ, ಆನೆ, ಕುದುರೆ, ಹೂಬಳ್ಳಿ, ಅಂಚಿನ ಅಲಂಕಾರ ಎಲ್ಲವೂ ಬರಬೇಕು. ಅರಮನೆಗಳಿಗೆ ದಂತದ ಮೇಲೆ, ಆಮೆಚಿಪ್ಪಿನ ಮೇಲೆ ಬರೆದರೆ ಸಾಮಾನ್ಯರಿಗೆ ಅಂಟು ಹಾಕಿ ಗಟ್ಟಿಮಾಡಿದ ಬಟ್ಟೆ ಅಥವಾ ಕಾಗದದ ಮೇಲೆ ಬರೆಯುತ್ತಿದ್ದರು. ಮೊದಲನೆಯದಕ್ಕೆ ದರ್ಬಾರ್ ಕಲಂ, ಎರಡನೆಯದಕ್ಕೆ ಬಜಾರ್ ಕಲಂ ಎಂಬ ಹೆಸರಿತ್ತು. ಮೈಸೂರು ಸಂಪ್ರದಾಯದ ಚಿತ್ರಗಾರರು ಹುಣಸೆಯ ಕಡ್ಡಿಗಳನ್ನು ಸುಟ್ಟು ಇದ್ದಿಲು ಮಾಡಿ ರೇಖೆ ಎಳೆಯುತ್ತಿದ್ದರು, ಸೂಕ್ಷ್ಮ ಗೆರೆಗಳಿಗೆ ಅಳಿಲಿನ ಕೂದಲಿನ ಕುಂಚ ಬಳಸುತ್ತಿದ್ದರು. ಕುಂಚದ ತುದಿಯಲ್ಲಿ ಉಳಿಯುವುದು ಕೆಲವೇ ಕೂದಲು. ಕೈ ಒಂದಿಷ್ಟು ನಡುಗಿದರೆ ಎಲೆ ಹಾಳು.

ಇಂಥ ಕೆಲಸವನ್ನು ಪುಸ್ತಕ ಓದಿ ಮಾತ್ರ ಕಲಿಯಲಾಗದು. ಹಾಗಾದರೆ ಕಲಿಸಿದವರು ಯಾರು? ಒಂದು ಹಳೆಯ ಎಲೆಯನ್ನು ಮುಂದಿಟ್ಟುಕೊಂಡು ನಕಲು ಮಾಡಲು ಕುಳಿತವನನ್ನು ಕಲ್ಪಿಸಿಕೊಳ್ಳಿ. ಈ ಗೆರೆ ಎಲ್ಲಿಂದ ಆರಂಭವಾಯಿತು, ಕುಂಚವನ್ನು ಎಲ್ಲಿ ಎತ್ತಿದರು, ಯಾವ ಬಣ್ಣ ಮೊದಲು ಬಿತ್ತು, ಯಾವುದು ಅದರ ಮೇಲೆ ಬಿತ್ತು ಎಂದು ಅವನು ಎಲೆಯನ್ನೇ ಕೇಳುತ್ತಾನೆ. ಎಲೆ ಉತ್ತರ ಕೊಡುತ್ತದೆ. ಆ ಉತ್ತರವನ್ನು ನೂರಾರು ವರ್ಷಗಳ ಹಿಂದೆ ಅದರಲ್ಲಿ ಬರೆದಿಟ್ಟವನು ಹೆಸರಿಲ್ಲದ ಒಬ್ಬ ಚಿತ್ರಗಾರ. ಅವನಿಗೆ ತಾನೊಬ್ಬ ಗುರುವೆಂದು ಗೊತ್ತಿರಲಿಲ್ಲ. ಅವನು ದಕ್ಷಿಣೆ ಕೇಳಲು ಬರುವುದಿಲ್ಲ. ಅವನ ಸಾಲ ಅಷ್ಟರಮಟ್ಟಿಗೆ ಇನ್ನೂ ಭಾರವಾದದ್ದು, ಏಕೆಂದರೆ ಅದನ್ನು ಹಿಂದಿರುಗಿಸಲು ವಿಳಾಸವೇ ಇಲ್ಲ.

ಯಾರ ಎಲೆ, ಯಾರ ಆಟ?

ಆ ಹೆಸರಿಲ್ಲದ ಚಿತ್ರಗಾರನ ಹಿಂದೆಯೂ ಒಂದು ದೊಡ್ಡ ಸಾಲು ನಿಂತಿದೆ. ಗಂಜೀಫಾ ಎಂಬ ಹೆಸರು ಪಾರ್ಸಿ ಭಾಷೆಯ ಮೂಲಕ ನಮಗೆ ಬಂದದ್ದು. ಮೊಗಲ್ ದೊರೆ ಬಾಬರ್ 1527ರಲ್ಲಿ ಸಿಂಧ್‌ನ ಷಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಬಾಬರ್‌ನಾಮಾದಲ್ಲಿ ದಾಖಲಾಗಿದೆ. ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ತನ್ನ ಐನೆ ಅಕ್ಬರಿಯಲ್ಲಿ ಈ ಆಟವನ್ನು ವಿವರಿಸಿದ್ದಾನೆ. ಮೊಗಲ್ ಗಂಜೀಫಾದಲ್ಲಿ ಎಂಟು ಬಣ್ಣ, ಪ್ರತಿ ಬಣ್ಣಕ್ಕೆ ಹನ್ನೆರಡು ಎಲೆ, ಒಟ್ಟು 96. ತಾಜ್, ಶಂಷೇರ್, ಗುಲಾಮ್ ಮುಂತಾದವು ಆ ಬಣ್ಣಗಳ ಹೆಸರುಗಳು. ಈ ಆಟ ದೇಶದೊಳಗೆ ಸಂಚರಿಸುತ್ತಾ ಹೋದಂತೆ ದಶಾವತಾರ ಗಂಜೀಫಾ ಹುಟ್ಟಿತು. ಹತ್ತು ಅವತಾರಗಳಿಗೆ ಹತ್ತು ಬಣ್ಣ, ಒಟ್ಟು 120 ಎಲೆ. ಷಾ ಕುಳಿತಿದ್ದ ಜಾಗದಲ್ಲಿ ರಾಮ ಬಂದ, ಕೃಷ್ಣ ಬಂದ. ಆಟದ ಚೌಕಟ್ಟು ಬದಲಾಗಲಿಲ್ಲ. ಒಡಿಶಾದಲ್ಲಿ, ಬಂಗಾಳದ ಬಿಷ್ಣುಪುರದಲ್ಲಿ, ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಇದು ಬೇರೆ ಬೇರೆ ರೂಪ ತಾಳಿತು.

ಮೈಸೂರಿನಲ್ಲಿ ಈ ಕಲೆಗೆ ದೊಡ್ಡ ಆಶ್ರಯ ಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರ್ (1794-1868). ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಹದಿಮೂರು ಬಗೆಯ ಎಲೆಯಾಟಗಳ ವಿವರಣೆಯಿದೆ. ಅವುಗಳಲ್ಲಿ ಒಂದಕ್ಕೆ 360 ಎಲೆಗಳು ಬೇಕು. ಟಿಪ್ಪು ಸುಲ್ತಾನ್ ಹುತಾತ್ಮನಾದ 1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದ ಈ ಅರಸರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ರಾಜ್ಯ ಕೈತಪ್ಪಿದ ರಾಜ ಚದುರಂಗದಲ್ಲಿ, ಎಲೆಗಳಲ್ಲಿ, ಚಿತ್ರಗಳಲ್ಲಿ ಮತ್ತೊಂದು ಸಾಮ್ರಾಜ್ಯವನ್ನು ಕಟ್ಟಿಕೊಂಡರು ಎನ್ನಬಹುದು. ಆ ಎಲೆಗಳನ್ನು ಬರೆದ ಕೈಗಳ ಹೆಸರು ಮಾತ್ರ ಗ್ರಂಥದಷ್ಟು ಪ್ರಸಿದ್ಧವಾಗಲಿಲ್ಲ. ಮುಂದೆ ಯಂತ್ರದಲ್ಲಿ ಅಚ್ಚಾದ ಅಗ್ಗದ ಇಸ್ಪೀಟು ಎಲೆಗಳು ಅಂಗಡಿಗೆ ಬಂದವು. ಕೈಯಿಂದ ಬರೆದ ಎಲೆಯನ್ನು ಕೊಳ್ಳುವವರಿಲ್ಲವಾದರು. ತಂದೆಯಿಂದ ಮಗನಿಗೆ ಹೋಗುತ್ತಿದ್ದ ವಿದ್ಯೆಯ ಸರಪಳಿ ತುಂಡಾದದ್ದು ಹೀಗೆ. ಯಾರೂ ನಿಷೇಧಿಸಲಿಲ್ಲ, ಯಾರೂ ಸುಡಲಿಲ್ಲ. ಬೇಡಿಕೆ ನಿಂತಿತು, ಅಷ್ಟೆ.

ಈ ಇತಿಹಾಸದಲ್ಲಿ ‘ಇದು ನಮ್ಮದು’ ಎಂದು ಹಟ ಹಿಡಿಯುವವರಿಗೆ ಒಂದು ಪಾಠವಿದೆ. ಇದು ಮುಸ್ಲಿಮರು ತಂದ ಆಟ ಎಂದು ಒಬ್ಬರು ಹೇಳಬಹುದು. ದೇವರ ಅವತಾರಗಳ ಚಿತ್ರವಿರುವುದರಿಂದ ಇದು ಹಿಂದೂ ಕಲೆ ಎಂದು ಇನ್ನೊಬ್ಬರು ಹೇಳಬಹುದು. ಪಾರ್ಸಿ ಹೆಸರಿನ, ಮೊಗಲ್ ಚೌಕಟ್ಟಿನ, ದಶಾವತಾರದ ಚಿತ್ರಗಳ, ಮೈಸೂರು ಶೈಲಿಯ ಒಂದು ದುಂಡು ಎಲೆಯನ್ನು ಇಬ್ಬರಿಗೂ ಭಾಗ ಮಾಡಿ ಕೊಡಲು ಹೊರಟರೆ ಯಾವ ಕತ್ತರಿ ಸಾಕಾದೀತು? ಉಡುಪಿ ಕಡೆಯ ಒಬ್ಬ ಭಟ್ಟರು ಒಂದು ಪಾರ್ಸಿ ಪದವನ್ನು ತಮ್ಮ ಹೆಸರಿನ ಮುಂದೆ ಹೊತ್ತುಕೊಂಡು ಬದುಕಿದರೆಂಬುದೇ ಆ ಪ್ರಶ್ನೆಗೆ ಉತ್ತರ.

ಇಲ್ಲಿ ಓದುಗರೊಬ್ಬರು ನ್ಯಾಯವಾಗಿಯೇ ಒಂದು ಆಕ್ಷೇಪ ಎತ್ತಬಹುದು. ಪಣವಿಟ್ಟು ಆಡುವ ಆಟವನ್ನು ಇಸ್ಲಾಮ್ ಸ್ಪಷ್ಟವಾಗಿ ನಿಷೇಧಿಸಿದೆ. ಜೂಜು ಪಾಂಡವರನ್ನು ಕಾಡಿಗಟ್ಟಿದ ಕಥೆಯನ್ನೂ ಈ ನಾಡು ಮರೆತಿಲ್ಲ. ಹೀಗಿರುವಾಗ ಇಸ್ಪೀಟಿನ ಎಲೆಯನ್ನು ಹೊಗಳುವುದು ಸರಿಯೇ? ಆಕ್ಷೇಪವನ್ನು ತಳ್ಳಿಹಾಕಬೇಕಾಗಿಲ್ಲ. ಜೂಜು ಮನೆಗಳನ್ನು ಮುರಿದಿದೆ, ಇಂದು ಅದು ಮೊಬೈಲಿನ ಮೂಲಕ ಹಳ್ಳಿಯ ಹುಡುಗರ ಜೇಬಿಗೂ ಕೈಹಾಕಿದೆ. ಆದರೆ ಒಂದು ವಸ್ತುವನ್ನು ಜನ ಹೇಗೆ ಬಳಸಿದರು ಎಂಬುದು ಬೇರೆ, ಅದನ್ನು ಮಾಡಿದವನ ಶ್ರಮದ ನಿಷ್ಠೆ ಬೇರೆ. ಗಂಜೀಫಾ ಇಂದು ಜೂಜುಕಟ್ಟೆಯಲ್ಲಿಲ್ಲ, ಗಾಜಿನ ಪೆಟ್ಟಿಗೆಯಲ್ಲಿದೆ. ಅದನ್ನು ಆಟವಾಗಿ ಒಪ್ಪದವರೂ ಅದರೊಳಗಿನ ಕೈಗೆಲಸವನ್ನು ಗೌರವಿಸಬಹುದು.

ಗೋಡೆಯ ಮೇಲಿನ ನೆನಪು

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ಅನ್ನು ನೋಡದವರು ಕಡಿಮೆ. ಟಿಪ್ಪುವಿನ ಈ ಬೇಸಿಗೆ ಅರಮನೆ 1784ರಲ್ಲಿ ಪೂರ್ಣಗೊಂಡಿತು. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿ ನಡೆದ ಪೊಲ್ಲಿಲೂರು ಯುದ್ಧದ ಬೃಹತ್ ಚಿತ್ರವಿದೆ. ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಸುತ್ತುವರಿದಿದೆ, ಮದ್ದಿನ ಬಂಡಿ ಸ್ಫೋಟಿಸಿದೆ, ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. 1799ರ ನಂತರ ಈ ಅರಮನೆಯಲ್ಲಿ ವಾಸಿಸಿದವನು ಕರ್ನಲ್ ವೆಲ್ಲೆಸ್ಲಿ. ಅಳಿಸಿಹೋಗಿದ್ದ ಈ ಚಿತ್ರಗಳನ್ನು ಅವನು ಮತ್ತೆ ಬರೆಯಿಸಿದ. ಮುಂದೆ ಅವು ಮತ್ತೊಮ್ಮೆ ಮರೆಯಾದಾಗ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲ ಚಿತ್ರವನ್ನು ನೆನಪಿಟ್ಟುಕೊಂಡಿದ್ದ ಒಬ್ಬ ಭಾರತೀಯ ಚಿತ್ರಗಾರನಿಂದ ಅವನ್ನು ಪುನಃ ಬರೆಯಿಸಲಾಯಿತು ಎಂದು ಹೇಳುತ್ತಾರೆ.

ಇಲ್ಲಿ ಬೇಲಿ, ವೆಲ್ಲೆಸ್ಲಿ, ಡಾಲ್‌ಹೌಸಿ ಎಲ್ಲರ ಹೆಸರುಗಳೂ ಇವೆ. ಸೋತವನ ಹೆಸರಿದೆ, ಗೆದ್ದವನ ಹೆಸರಿದೆ, ಆಜ್ಞೆ ಕೊಟ್ಟವನ ಹೆಸರಿದೆ. ನೆನಪಿಟ್ಟುಕೊಂಡಿದ್ದವನ ಹೆಸರಿಲ್ಲ. ಸಾಮ್ರಾಜ್ಯದ ಬಳಿ ಹಣವಿತ್ತು, ಅಧಿಕಾರವಿತ್ತು. ಗೋಡೆಯ ಮೇಲೆ ಯಾವ ಕುದುರೆ ಎಲ್ಲಿ ನಿಂತಿತ್ತು ಎಂಬ ತಿಳಿವಳಿಕೆ ಮಾತ್ರ ಅದರ ಬಳಿ ಇರಲಿಲ್ಲ. ಅದಕ್ಕಾಗಿ ಅದು ಒಬ್ಬ ಚಿತ್ರಗಾರನ ಮುಂದೆ ನಿಲ್ಲಬೇಕಾಯಿತು. ಅವನು ತನ್ನ ನೆನಪನ್ನು ತನ್ನ ಸ್ವಂತ ಸ್ವತ್ತೆಂದು ಬಚ್ಚಿಟ್ಟುಕೊಂಡಿದ್ದರೆ ಇಂದು ನಾವು ನೋಡುವುದು ಬರಿಯ ಸುಣ್ಣದ ಗೋಡೆಯನ್ನು.

ಹೆಸರು ಇಲ್ಲದಿರುವುದೇ ನಮ್ಮ ಸಂಸ್ಕೃತಿಯ ಗುಣ, ನಮ್ಮ ಕಲಾವಿದರು ಅಹಂಕಾರವಿಲ್ಲದವರು, ಆದ್ದರಿಂದ ಸಹಿ ಹಾಕಲಿಲ್ಲ ಎಂದು ಕೆಲವರು ಹೇಳುವುದುಂಟು. ಇದು ಕೇಳಲು ಹಿತವಾದರೂ ಪೂರ್ತಿ ಸತ್ಯವಲ್ಲ. ಕೆ.ಆರ್. ಪೇಟೆ ತಾಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ‘ರೂವಾರಿ ಮಲ್ಲಿತಮ್ಮ’ನ ಹೆಸರು ಕೆತ್ತಿದೆ. ಹದಿಮೂರನೆಯ ಶತಮಾನದ ಈ ಶಿಲ್ಪಿ ಸೋಮನಾಥಪುರದಲ್ಲೂ ಹತ್ತಾರು ವಿಗ್ರಹಗಳಿಗೆ ತನ್ನ ಹೆಸರು ಹಾಕಿದ್ದಾನೆ. ಅಂದರೆ ಅವಕಾಶ ಸಿಕ್ಕಿದಾಗ ನಮ್ಮ ಕಲಾವಿದರು ಹೆಸರನ್ನು ಬರೆದಿದ್ದಾರೆ. ಹೆಸರಿಲ್ಲದ ಕಡೆಗಳಲ್ಲೆಲ್ಲ ವಿನಯವೇ ಇತ್ತೆಂದು ಹೇಳಲಾಗದು, ಹಲವು ಕಡೆ ಕೇಳುವವರು ಇರಲಿಲ್ಲ. ನಾಗಮಂಗಲದಲ್ಲಿ ಹಿತ್ತಾಳೆ, ಕಂಚಿನ ಎರಕದ ಕೆಲಸ ಹೆಸರುವಾಸಿ. ಅಲ್ಲಿ ಮಾಡಿದ ದೀಪಗಳೂ ವಿಗ್ರಹಗಳೂ ದೂರದ ಊರುಗಳಿಗೆ ಹೋಗುತ್ತವೆ. ಕೊಂಡವನಿಗೆ ಊರಿನ ಹೆಸರು ಗೊತ್ತಿರುತ್ತದೆ, ಎರಕ ಹೊಯ್ದವನ ಹೆಸರು ಗೊತ್ತಿರುವುದಿಲ್ಲ. ಪಾಂಡವಪುರದ ಆಲೆಮನೆಗೆ ಹೋಗಿ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಪಾಕದ ಹದಕ್ಕೆ ಬಂತೆಂದು ಹೇಳಬಲ್ಲವನು ಅಲ್ಲಿ ಒಬ್ಬನೇ ಇರುತ್ತಾನೆ. ಅವನಿಗೆ ಕಲಿಸಿದ ಶಾಲೆ ಯಾವುದು? ಹುಡುಗನಾಗಿದ್ದಾಗ ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುತ್ತಾ ಹಿರಿಯನ ಕಣ್ಣನ್ನು ನೋಡುತ್ತಿದ್ದದ್ದೇ ಶಾಲೆ. ಅವನೂ ‘ತಾನೇ ಕಲಿತವನು’. ನಾವು ಅವನಿಗೆ ಮಾತ್ರ ಚಪ್ಪಾಳೆ ತಟ್ಟುವುದಿಲ್ಲ.

ಕಲಿಯುವುದು ಬೇರೆ, ಹಕ್ಕು ಬೇರೆ

ದೂರದ ಒಂದು ಉದಾಹರಣೆಯನ್ನೂ ನೋಡೋಣ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಕ್ವಾಕಿಯುಟ್ಲ್ ಎಂದು ಹೊರಗಿನವರು ಕರೆಯುತ್ತಿದ್ದ ಮೂಲನಿವಾಸಿಗಳಿದ್ದಾರೆ. ಅವರು ತಮ್ಮನ್ನು ಕ್ವಾಕ್ವಾಕಾವಾಕ್ವ್ ಎಂದು ಕರೆದುಕೊಳ್ಳುತ್ತಾರೆ. ಪಾಟ್‌ಲ್ಯಾಚ್ ಎಂಬುದು ಅವರ ದೊಡ್ಡ ಸಮಾರಂಭ. ಅಲ್ಲಿ ಮುಖವಾಡ ಧರಿಸಿ ಕುಣಿಯುತ್ತಾರೆ, ಕರೆದವನು ತನ್ನ ಸಂಪತ್ತನ್ನು ಬಂದವರಿಗೆಲ್ಲ ಹಂಚುತ್ತಾನೆ. ಕೆನಡಾ ಸರಕಾರ 1885ರಿಂದ 1951ರವರೆಗೆ ಇದನ್ನು ಕಾನೂನಿನ ಮೂಲಕ ನಿಷೇಧಿಸಿತ್ತು. 1921ರಲ್ಲಿ ನಡೆದ ಒಂದು ಸಮಾರಂಭದ ನಂತರ ಜನರನ್ನು ಬಂಧಿಸಿ, ಅವರ ಮುಖವಾಡಗಳನ್ನು ಕಿತ್ತುಕೊಳ್ಳಲಾಯಿತು. ಆ ಜನರ ನಡುವೆ 1908ರಲ್ಲಿ ಹುಟ್ಟಿದವನು ಹೆನ್ರಿ ಸ್ಪೆಕ್. ಮೀನುಗಾರ, ಚಿತ್ರಕಲೆಯನ್ನು ತಾನೇ ಕಲಿತವನು. ಮುಖವಾಡಗಳ ಹಿಂದಿರುವ ಪುರಾಣದ ಜೀವಿಗಳನ್ನು ಅವನು ಕಾಗದದ ಮೇಲೆ ಬಣ್ಣಗಳಲ್ಲಿ ಬರೆದ. 1964ರಲ್ಲಿ ವ್ಯಾಂಕೂವರ್ ನಗರದಲ್ಲಿ ಅವನ ಚಿತ್ರಗಳ ಪ್ರದರ್ಶನ ನಡೆಯಿತು. 1971ರಲ್ಲಿ ತೀರಿಕೊಂಡ.

ಆ ಸಮುದಾಯದಲ್ಲಿ ಒಂದು ಕಟ್ಟುಪಾಡಿದೆ. ಒಂದೊಂದು ಲಾಂಛನ, ಒಂದೊಂದು ಕುಣಿತ, ಅದಕ್ಕೆ ಸೇರಿದ ಕಥೆ ಒಂದೊಂದು ಮನೆತನದ ಹಕ್ಕು. ಬರೆಯಲು ಬರುತ್ತದೆ ಎಂಬ ಕಾರಣಕ್ಕೆ ಯಾರು ಬೇಕಾದರೂ ಯಾವುದನ್ನು ಬೇಕಾದರೂ ತನ್ನದೆಂದು ಬಳಸುವಂತಿಲ್ಲ. ಕೈಗೆ ಬಂದ ಕೌಶಲ ಬೇರೆ, ಅದನ್ನು ಬಳಸುವ ಹಕ್ಕು ಬೇರೆ ಎಂಬ ವಿವೇಕ ಅದರಲ್ಲಿದೆ. ಇದಕ್ಕೊಂದು ಅಪಾಯವೂ ಉಂಟು. ಈ ಹಕ್ಕೇ ನಮ್ಮ ನಾಡಿನಲ್ಲಿ ಜಾತಿಯ ಬೀಗವಾಯಿತು, ಏಕಲವ್ಯನ ಬೆರಳು ಹೋದದ್ದು ಅದರಿಂದಲೇ. ಹಾಗಾದರೆ ಯಾವ ಹಕ್ಕನ್ನು ಗೌರವಿಸಬೇಕು, ಯಾವುದನ್ನು ಮುರಿಯಬೇಕು? ಆಳುವವರ ಕೈಗೆ ಸಿಕ್ಕಿ ಎಲ್ಲವನ್ನೂ ಕಳೆದುಕೊಂಡ ಜನ ಉಳಿದದ್ದನ್ನು ಕಾಪಾಡಿಕೊಳ್ಳಲು ಹಾಕಿಕೊಂಡ ಬೇಲಿ ಒಂದು. ಉಳ್ಳವರು ಇಲ್ಲದವರನ್ನು ಹೊರಗಿಡಲು ಕಟ್ಟಿದ ಗೋಡೆ ಇನ್ನೊಂದು. ಬೇಲಿಯ ಮುಂದೆ ನಿಂತು ಅನುಮತಿ ಕೇಳುವುದು ಸೌಜನ್ಯ. ಗೋಡೆಯನ್ನು ಹಾರುವುದು ನ್ಯಾಯ.

ಋಣ ತೀರಿಸುವ ಬಗೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಾನೇ ಕಲಿತವನಿಗೂ ಋಣವಿದೆ. ಅವನಿಗೆ ಒಬ್ಬ ಗುರುವಿನ ಬದಲು ನೂರು ಗುರುಗಳು, ಅಷ್ಟೇ ವ್ಯತ್ಯಾಸ. ಒಬ್ಬ ಗುರುವಿದ್ದರೆ ಕಾಲಿಗೆರಗಿ, ಕಾಣಿಕೆ ಕೊಟ್ಟು, ಕೊಂಚ ಹಗುರಾಗಬಹುದು. ನೂರು ಮಂದಿ ಅಜ್ಞಾತರಿಗೆ ಏನು ಕೊಡುವುದು? ಹಿಂದಕ್ಕೆ ಕೊಡಲಾಗದ ಸಾಲವನ್ನು ಮುಂದಕ್ಕೆ ಕೊಡಬೇಕು. ಅದಕ್ಕೆ ನನಗೆ ತೋಚುವ ದಾರಿಗಳು ಮೂರು.

ಮೊದಲನೆಯದು ಹೇಳುವುದು. ಇದನ್ನು ಎಲ್ಲಿಂದ ಪಡೆದೆ, ಯಾರ ಕೈಗೆಲಸ ನೋಡಿ ಕಲಿತೆ ಎಂದು ಹೇಳಿದರೆ ಕಲಾವಿದ ಸಣ್ಣವನಾಗುವುದಿಲ್ಲ. ಗಂಜೀಫಾಕ್ಕೆ ಅದರ ಪಾರ್ಸಿ ಹೆಸರನ್ನೇ ಉಳಿಸಿಕೊಂಡದ್ದೂ ಇಂಥದೊಂದು ಹೇಳಿಕೆಯೇ. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆ ಮಾನ್ಯತೆ ಒಬ್ಬ ವ್ಯಕ್ತಿಗೆ ಸೇರದೆ ಒಂದು ನೆಲಕ್ಕೆ, ಅಲ್ಲಿ ದುಡಿದವರೆಲ್ಲರಿಗೆ ಸೇರುತ್ತದೆ ಎಂಬುದನ್ನು ಗಮನಿಸಬೇಕು.

ಎರಡನೆಯದು ನಿಷ್ಠೆ. ಸತ್ತ ಗುರು ತಪ್ಪು ತಿದ್ದಲು ಬರುವುದಿಲ್ಲವಾದ್ದರಿಂದ ತಾನೇ ಕಲಿತವನು ತನ್ನನ್ನು ತಾನೇ ತಿದ್ದಿಕೊಳ್ಳಬೇಕು. ಪ್ರವಾಸಿಗರಿಗೆ ಇದು ಸಾಕು ಎಂದು ಗೆರೆಯನ್ನು ಸಡಿಲಿಸಿದ ದಿನ ಅವನು ಆ ಅಜ್ಞಾತನಿಗೆ ಮೋಸ ಮಾಡಿದಂತೆ.

ಮೂರನೆಯದು ಬಾಗಿಲು ತೆರೆದಿಡುವುದು. ಬೀಗದ ಹೊರಗೆ ನಿಂತು ಬಲ್ಲವನು ತಾನು ಒಳಹೊಕ್ಕ ಮೇಲೆ ಬೀಗ ಹಾಕಬಾರದು. ಕಷ್ಟಪಟ್ಟು ಕಲಿತವರಲ್ಲಿ ಒಂದು ದೌರ್ಬಲ್ಯ ಕಾಣುತ್ತದೆ, ‘ನನಗೆ ಯಾರು ಹೇಳಿಕೊಟ್ಟರು? ಇವನೂ ಒದ್ದಾಡಲಿ’ ಎಂಬ ಮನೋಭಾವ. ಕಲೆಗಳು ಹೀಗೆಯೂ ಸತ್ತಿವೆ. ಒಬ್ಬ ಕಲಾವಿದ ತನ್ನ ಚಿತ್ರಗಳನ್ನು ಮಾರಿ ಸುಮ್ಮನಿರದೆ ಸಂಗ್ರಹಾಲಯ ಕಟ್ಟಿ, ಬಂದವರಿಗೆ ತೋರಿಸಲು ಕುಳಿತರೆ ಅದು ಈ ಮೂರನೆಯ ಕಂತಿನ ಪಾವತಿ.

ಈ ಪ್ರಶ್ನೆ ಇಂದು ಹಿಂದೆಂದಿಗಿಂತ ತುರ್ತಿನದಾಗಿದೆ. ನಮ್ಮ ಮಕ್ಕಳು ಮೊಬೈಲಿನ ಪರದೆಯಿಂದ ಕಸೂತಿ ಕಲಿಯುತ್ತಾರೆ, ಬಿರಿಯಾನಿ ಕಲಿಯುತ್ತಾರೆ, ಗಣಿತ ಕಲಿಯುತ್ತಾರೆ. ‘ನಾನೇ ಕಲಿತೆ’ ಎನ್ನುತ್ತಾರೆ. ಲಕ್ಷಾಂತರ ಕಲಾವಿದರ ಚಿತ್ರಗಳನ್ನು ನುಂಗಿ ಕಲಿತ ಕಂಪ್ಯೂಟರ್ ಯಂತ್ರಗಳು ಕ್ಷಣಾರ್ಧದಲ್ಲಿ ಹೊಸ ಚಿತ್ರ ಬರೆದುಕೊಡುತ್ತವೆ, ಒಬ್ಬರ ಹೆಸರನ್ನೂ ಹೇಳುವುದಿಲ್ಲ. ಯಂತ್ರಕ್ಕೆ ಋಣದ ಭಾವನೆ ಇಲ್ಲದಿರಬಹುದು. ಅದನ್ನು ಮಾಡಿ ಲಾಭ ಪಡೆಯುವವರಿಗೂ, ಅದನ್ನು ಬಳಸುವ ನಮಗೂ ಇರಬಾರದೆಂದೇನಿಲ್ಲವಲ್ಲ.

ಆದ್ದರಿಂದ ಮುಂದಿನ ಸಲ ‘ಇವರು ತಾವಾಗಿಯೇ ಕಲಿತವರು’ ಎಂದು ಯಾರಾದರೂ ಹೇಳಿದಾಗ ಚಪ್ಪಾಳೆಯನ್ನು ಧಾರಾಳವಾಗಿ ತಟ್ಟೋಣ. ಅದರ ಅರ್ಧ ಪಾಲು ಆ ಕಲಾವಿದನ ಕಣ್ಣಿಗೂ ಕೈಗೂ ತಾಳ್ಮೆಗೂ ಸಲ್ಲುತ್ತದೆ. ಉಳಿದರ್ಧ ದರಿಯಾ ದೌಲತ್‌ನ ಗೋಡೆಯನ್ನು ನೆನಪಿನಿಂದ ಮತ್ತೆ ಬರೆದವನಂಥವರಿಗೆ ಸೇರಲಿ. ಅವರಿಗೆ ಅದು ಕೇಳಿಸದು, ನಿಜ. ಆದರೆ ಸಭೆಯಲ್ಲಿ ಕುಳಿತ ಮಕ್ಕಳಿಗೆ ಕೇಳಿಸುತ್ತದೆ.